ಅನುಭವ ಪತ್ರಕ್ಕೆ ದುಡ್ಡು ಕೊಡಬೇಡಿ, ವೆಲ್ಡಿಂಗ್ ಶಾಪಿಗೆ ಹೋಗಿ

ಅಂಕೋಲಾದ ಓದುಗರೊಬ್ಬರು ಬರೆದಿದ್ದಾರೆ: “ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಸಾಲ ಮಾಡಿ ಕೊಚ್ಚಿಗೆ ಹೋಗಿ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಕೋರ್ಸು, ಎನ್‌ಡಿಟಿ (ಲೋಹವನ್ನು ಮುರಿಯದೆ ದೋಷ ಹುಡುಕುವ ಪರೀಕ್ಷೆ) ಲೆವೆಲ್ 2 ಎರಡೂ ಮುಗಿಸಿದೆ. ಎಲ್ಲಿ ಹೋದರೂ ಅನುಭವ ಎಷ್ಟು ಅಂತಾರೆ. ಏಜೆಂಟರೊಬ್ಬರು ಮೂರು ವರ್ಷದ ಅನುಭವ ಪತ್ರ ಮಾಡಿಸಿ ಗಲ್ಫಿಗೆ ಕಳಿಸುತ್ತೇನೆ, ಎರಡು ಲಕ್ಷ ಆಗುತ್ತದೆ ಅನ್ನುತ್ತಿದ್ದಾರೆ. ಅಮ್ಮ ಬಂಗಾರ ಅಡ ಇಡಲು ತಯಾರಿದ್ದಾಳೆ. ಏನು ಮಾಡಲಿ?”

ಬಂಗಾರ ಮನೆಯಲ್ಲೇ ಇರಲಿ. ಆ ವಿಷಯ ಮೊದಲು ಮುಗಿಸೋಣ.

ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿರಬೇಕು. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೂ ರಶೀದಿ ಕೊಡಬೇಕು. ಎರಡು ಲಕ್ಷ ಕೇಳಿದವರ ಹತ್ತಿರ ಚೌಕಾಸಿ ಮಾಡಲೂ ಹೋಗಬೇಡಿ. ಗಲ್ಫೇ ಬೇಡ ಅಂತ ನಾನು ಹೇಳುತ್ತಿಲ್ಲ. ಭಟ್ಕಳದಲ್ಲಿ ಎಷ್ಟೋ ಮನೆಗಳು ಆ ದುಡಿಮೆಯಿಂದಲೇ ಎದ್ದಿವೆ. ಹೋಗುವ ದಿನ ಬಂದಾಗ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿ ನೋಡಿಕೊಂಡು ಹೋಗಿ.

ಸುಳ್ಳು ಅನುಭವ ಪತ್ರದ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಇಂಟರ್‌ವ್ಯೂನಲ್ಲಿ ಒಂದು ವೆಲ್ಡ್ ಆದ ಪ್ಲೇಟ್ ಮುಂದಿಟ್ಟು, ಗೇಜ್ ಕೈಗೆ ಕೊಟ್ಟು, ಅಂಡರ್‌ಕಟ್ (ವೆಲ್ಡಿನ ಅಂಚಿನ ಕೊರಕಲು) ಎಷ್ಟಿದೆ, ಯಾವ ಕೋಡಿನಲ್ಲಿ (ವೆಲ್ಡಿಂಗ್ ನಿಯಮಗಳ ಪುಸ್ತಕ) ಪಾಸು ಅಂತ ಕೇಳಿದರೆ ಹೊಸಬ ಯಾರು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಾಗದೆ ಕೆಲಸ ಸಿಕ್ಕಿಬಿಟ್ಟರೆ ಇನ್ನೂ ಕಷ್ಟ. ಪ್ರೆಶರ್ ಲೈನಿನ ಜಾಯಿಂಟ್‌ಗೆ ನೀವು ಸಹಿ ಹಾಕುತ್ತೀರಿ. ಅದನ್ನು ನಂಬಿ ಅದರ ಪಕ್ಕದಲ್ಲೇ ಯಾರದೋ ಮನೆಯ ಮಗ ಶಿಫ್ಟ್ ಮಾಡುತ್ತಾನೆ.

ಎಲ್ಲರೂ ಅನುಭವ ಯಾಕೆ ಕೇಳುತ್ತಾರೆ? ನಿಮ್ಮ ಲೆವೆಲ್ 2 ಸರ್ಟಿಫಿಕೇಟಿನ ಮೇಲೆ ಎಸ್‌ಎನ್‌ಟಿ-ಟಿಸಿ-1ಎ ಅಂತ ಇರಬೇಕು, ನೋಡಿ. ಅದು ಎನ್‌ಡಿಟಿ ಮಾಡುವವರ ಅರ್ಹತೆಗೆ ಇರುವ ಅಮೆರಿಕದ ಮಾರ್ಗಸೂಚಿ. ಆ ಪದ್ಧತಿಯಲ್ಲಿ ಲೆವೆಲ್ 2 ಅಂತ ಅಧಿಕಾರ ಕೊಡುವುದು ಕೆಲಸ ಕೊಟ್ಟ ಕಂಪನಿ. ತರಬೇತಿ, ಪರೀಕ್ಷೆ, ಕೆಲಸ ಮಾಡಿದ ಗಂಟೆ, ಕಣ್ಣಿನ ತಪಾಸಣೆ ಎಲ್ಲ ಸೇರಿದಾಗ ಕಂಪನಿ ತನ್ನ ನಿಯಮದ ಪ್ರಕಾರ ಅದನ್ನು ಒಪ್ಪುತ್ತದೆ. ನಿಮ್ಮ ಹತ್ತಿರ ತರಬೇತಿ, ಪರೀಕ್ಷೆ ಇವೆ. ಗಂಟೆಗಳು ಇನ್ನೂ ಇಲ್ಲ. ಕೋರ್ಸಿಗೆ ಸೇರಿಸಿಕೊಳ್ಳುವಾಗಲೇ ಇದನ್ನು ಬಿಡಿಸಿ ಹೇಳಬೇಕಿತ್ತು. ರೇಡಿಯೋಗ್ರಫಿಗಂತೂ (ವಿಕಿರಣದಿಂದ ಜಾಯಿಂಟಿನ ಒಳಗಿನ ಚಿತ್ರ ತೆಗೆಯುವ ಕೆಲಸ) ವಿಕಿರಣ ಸೂಸುವ ಇರಿಡಿಯಂ ಸೋರ್ಸ್ ಮುಟ್ಟಬೇಕಾದರೆ ಅಣುಶಕ್ತಿ ನಿಯಂತ್ರಣ ಮಂಡಳಿ ಒಪ್ಪಿದ ತರಬೇತಿಯೇ ಬೇಕು.

ಹಾಗಂತ ಈಗ ಇನ್ನೊಂದು ಕೋರ್ಸಿಗೆ ಸಾಲ ಮಾಡಬೇಡಿ. ಗಲ್ಫ್ ಜಾಹೀರಾತುಗಳಲ್ಲಿ ಜಾಸ್ತಿ ಕೇಳುವುದು ಅಮೆರಿಕದ ಸಿಡಬ್ಲ್ಯೂಐ, ಇಂಗ್ಲೆಂಡಿನ ಸಿಎಸ್‌ಡಬ್ಲ್ಯೂಐಪಿ 3.1 ಅನ್ನುವ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಸರ್ಟಿಫಿಕೇಟುಗಳನ್ನು. ಎರಡರ ಅರ್ಜಿಯಲ್ಲೂ ಅನುಭವ ತೋರಿಸಬೇಕು. ಸುತ್ತಿ ಬಳಸಿ ಅಲ್ಲಿಗೇ ಬರುತ್ತೀರಿ, ಅಲ್ವಾ?

ಹಾಗಾಗಿ ಇನ್‌ಸ್ಪೆಕ್ಟರ್ ಅನ್ನುವ ಹುದ್ದೆಯನ್ನು ಒಂದೆರಡು ವರ್ಷ ಪಕ್ಕಕ್ಕಿಡಿ. ಕ್ಯೂಸಿ (ಗುಣಮಟ್ಟ ನಿಯಂತ್ರಣ) ಅಸಿಸ್ಟೆಂಟ್, ಎನ್‌ಡಿಟಿ ಹೆಲ್ಪರ್, ವೆಲ್ಡಿಂಗ್ ದಾಖಲೆ ನೋಡಿಕೊಳ್ಳುವವ, ಯಾವ ಹೆಸರಿನಲ್ಲಾದರೂ ಒಳಗೆ ಹೋಗಿ. ನಮ್ಮ ಸುತ್ತ ಜಾಗಗಳಿವೆ. ಕೈಗಾದಲ್ಲಿ 700 ಮೆಗಾವ್ಯಾಟಿನ 5 ಮತ್ತು 6ನೇ ಘಟಕಗಳ ಕೆಲಸ ನಡೆದಿದೆ. ಪೈಪಿಂಗ್ ಆಮೇಲೆ ಬರುತ್ತದೆ ಅಂತ ಕಾಯಬೇಡಿ, ಕಾಂಕ್ರೀಟಿನೊಳಗೆ ಕೂರಿಸುವ ಪ್ಲೇಟುಗಳಿಗೂ ವೆಲ್ಡಿಂಗ್, ತಪಾಸಣೆ ಇರುತ್ತದೆ. ಗುತ್ತಿಗೆದಾರರ ಕ್ಯೂಸಿ ವಿಭಾಗವನ್ನೇ ನೇರವಾಗಿ ಕೇಳಿ. ಕಾರವಾರದ ನೌಕಾನೆಲೆಯಲ್ಲಿ ಹಡಗು ರಿಪೇರಿ ಯಾರ್ಡ್ ಇದೆ. ಉತ್ತರಕ್ಕೆ ವಾಸ್ಕೋದಲ್ಲಿ ಗೋವಾ ಶಿಪ್‌ಯಾರ್ಡ್, ದಕ್ಷಿಣಕ್ಕೆ ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ದಾಂಡೇಲಿಯ ಕಾಗದ ಕಾರ್ಖಾನೆ, ಹಳಿಯಾಳದ ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ರಿಪೇರಿಗೆ ಶಟ್‌ಡೌನ್ ಬರುತ್ತದೆ. ಸಕ್ಕರೆಯಲ್ಲಿ ಅದು ಕಬ್ಬು ನುರಿಸಿ ಮುಗಿದ ಮೇಲೆ. ಆ ಹೊತ್ತಿಗೆ ಹೊರಗಿನ ತಪಾಸಣೆ ಏಜೆನ್ಸಿಗಳಿಗೆ ಕೆಲವು ವಾರಗಳ ಮಟ್ಟಿಗೆ ಕೈಗಳು ಬೇಕಾಗುತ್ತವೆ. ಡಿಪ್ಲೊಮಾ ಮುಗಿಸಿ ತುಂಬಾ ವರ್ಷ ಆಗಿರದಿದ್ದರೆ ಕೇಂದ್ರ ಸರಕಾರದ ಎನ್‌ಎಟಿಎಸ್ ಅಪ್ರೆಂಟಿಸ್ ಯೋಜನೆಗೂ ಹೆಸರು ಹಾಕಿ. ಸ್ಟೈಪೆಂಡ್ ಕಡಿಮೆ, ಆದರೆ ಆ ಒಂದು ವರ್ಷವನ್ನು ಯಾರೂ ಸುಳ್ಳು ಅನ್ನಲಾರರು.

ಕೇಳಲು ಹೋದಾಗ ಸರ್ಟಿಫಿಕೇಟಿನ ಬಗ್ಗೆಯೇ ಮಾತಾಡಬೇಡಿ. ನಮ್ಮ ಕರಾವಳಿಯಲ್ಲಿ ತುಂಬ ಬೇಕಾದ ಒಂದು ವಿಷಯ ಹೇಳುತ್ತೇನೆ. 7018 ವೆಲ್ಡಿಂಗ್ ರಾಡ್ ಗೊತ್ತಲ್ಲ, ಲೋ ಹೈಡ್ರೋಜನ್, ಅಂದರೆ ಲೋಹಕ್ಕೆ ಹೈಡ್ರೋಜನ್ ಕಡಿಮೆ ಸೇರಿಸುವಂಥದ್ದು. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ (ಎಡಬ್ಲ್ಯೂಎಸ್) ಡಿ1.1 ಕೋಡಿನಲ್ಲಿ ಸಾಮಾನ್ಯ 7018ನ್ನು ಓವನ್‌ನಿಂದ ತೆಗೆದ ಮೇಲೆ 4 ಗಂಟೆಗಿಂತ ಜಾಸ್ತಿ ಹೊರಗಿಡುವಂತಿಲ್ಲ. ಈಗ ಆಷಾಢದ ಮಳೆಯಲ್ಲಿ ಒಂದು ಶಾಪನ್ನು ನೆನೆಸಿಕೊಳ್ಳಿ. ಶೀಟಿನ ಕೆಳಗೂ ಗಾಳಿ ಒದ್ದೆ. ಊಟಕ್ಕೆ ಹೋಗುವಾಗ ವೆಲ್ಡರ್ ಅರ್ಧ ಕಟ್ಟು ರಾಡನ್ನು ಮೇಜಿನ ಮೇಲೆ ಬಿಟ್ಟು ಹೋಗಿರುತ್ತಾನೆ. ಮೇಲಿನ ಲೇಪನ ತೇವ ಎಳೆಯುತ್ತದೆ. ಆರ್ಕ್ ಹೊಡೆದಾಗ ಆ ತೇವದ ಹೈಡ್ರೋಜನ್ ಲೋಹದೊಳಗೆ ಸೇರುತ್ತದೆ. ಜಾಯಿಂಟ್ ನೋಡಲು ಚಂದ, ಕ್ಯಾಪ್ (ಮೇಲಿನ ಪದರ) ಸರಿಯಾಗಿದೆ, ಬಣ್ಣ ಹಚ್ಚಿ ಬಿರುಕು ಹುಡುಕುವ ಸಂಜೆಯ ಡಿಪಿ ಟೆಸ್ಟಿನಲ್ಲೂ ಕೆಂಪು ಗೆರೆ ಇಲ್ಲ. ದಪ್ಪ ಪ್ಲೇಟಿನಲ್ಲಿ, ಗಟ್ಟಿ ಸ್ಟೀಲಿನಲ್ಲಿ, ಮರುದಿನ ಅಥವಾ ಅದರ ಮರುದಿನ ಬಿರುಕು ಕಾಣಿಸಬಹುದು. ಅದಕ್ಕೇ ಕೆಲವು ಗಟ್ಟಿ ಸ್ಟೀಲುಗಳಿಗೆ ಅದೇ ಕೋಡು 48 ಗಂಟೆ ಕಳೆದ ಮೇಲೇ ತಪಾಸಣೆ ಮಾಡಿ ಅನ್ನುತ್ತದೆ.

ಇದನ್ನು ತಡೆಯುವವನು ಬೆಳಿಗ್ಗೆ ಓವನ್ನಿನ ಉಷ್ಣತೆ ಬರೆದಿಡುವವನು, ರಾಡ್ ಯಾವಾಗ ಹೊರಗೆ ಹೋಯಿತು, ಎಷ್ಟು ವಾಪಸ್ ಬಂತು ಅಂತ ರಿಜಿಸ್ಟರ್ ಇಡುವವನು. ಆ ಕೆಲಸ ನನಗೆ ಕೊಡಿ, ಜೊತೆಗೆ ಫಿಟಪ್ ಹಂತದಲ್ಲಿ (ವೆಲ್ಡಿಗೆ ಮುಂಚೆ ತುಂಡುಗಳನ್ನು ಜೋಡಿಸುವಾಗ) ರೂಟ್ ಗ್ಯಾಪ್ (ನಡುವಿನ ಅಂತರ), ಬೆವೆಲ್ (ಅಂಚಿನ ಇಳಿಜಾರು) ನೋಡುತ್ತೇನೆ ಅಂತ ಕೇಳಿ. ಸುಮ್ನೆ ‘ಯಾವ ಕೆಲಸವಾದರೂ ಸರಿ’ ಅನ್ನುವುದಕ್ಕಿಂತ ಇದಕ್ಕೆ ಕಿವಿಗೊಡುತ್ತಾರೆ. ವೆಲ್ಡರುಗಳ ಜೊತೆ ಗೌರವದಿಂದ ಇರಿ. ನೀವು ಕಲಿಯಬೇಕಾದ್ದರಲ್ಲಿ ಬಹಳಷ್ಟು ಅವರ ಕೈಯಲ್ಲಿದೆ.

ಒಳಗೆ ಹೋದ ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡಿ. ತಾರೀಕು, ಜಾಯಿಂಟ್ ನಂಬರ್, ಡಬ್ಲ್ಯೂಪಿಎಸ್ (ವೆಲ್ಡ್ ಹೇಗೆ ಮಾಡಬೇಕು ಅನ್ನುವ ಲಿಖಿತ ವಿಧಾನ) ನಂಬರ್, ಏನು ನೋಡಿದಿರಿ, ಯಾಕೆ ಬೇಡ ಅಂದಿರಿ. ತಿಂಗಳಿಗೊಮ್ಮೆ ಹಿರಿಯ ಇನ್‌ಸ್ಪೆಕ್ಟರ ಸಹಿ ಹಾಕಿಸಿ. ಮುಂದೆ ದೊಡ್ಡ ಪರೀಕ್ಷೆಗೆ ಅರ್ಜಿ ಹಾಕುವಾಗ, ಕೆಲಸ ಬದಲಿಸುವಾಗ, ನೀವು ತೋರಿಸುವ ಅನುಭವಕ್ಕೆ ಇದೇ ಆಧಾರ. ಕಂಪನಿಯ ಡ್ರಾಯಿಂಗ್ ಮಾತ್ರ ಫೋಟೋ ತೆಗೆಯಬೇಡಿ. ಕೈಗಾ, ನೌಕಾನೆಲೆಯಂಥ ಕಡೆ ಅದು ಅಪರಾಧ.

ಈ ವಾರ ಮಾಡಬೇಕಾದ್ದು ಇಷ್ಟು. ಏಜೆಂಟರಿಗೆ ಬೇಡ ಅಂತ ಹೇಳಿ. ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತಿರದ ನೋಟ ಮತ್ತು ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ ಪತ್ರ ತೆಗೆದುಕೊಳ್ಳಿ, ಎನ್‌ಡಿಟಿ ಕೆಲಸಕ್ಕೆ ಅದು ಬೇಕೇ ಬೇಕು. ಕೈಗಾ ಗೇಟಿನಲ್ಲಿ ಪಾಸ್ ಇಲ್ಲದೆ ಬಿಡುವುದಿಲ್ಲ, ಆದ್ದರಿಂದ ಗುತ್ತಿಗೆದಾರರ ಆಫೀಸಿಗೆ ಮೊದಲೇ ಫೋನ್ ಮಾಡಿ. ಚೌತಿ ಮುಗಿಯಲಿ ಅಂತ ಕಾಯಬೇಡಿ.