ಆರ್ಕೈವ್‌ನಲ್ಲಿ ಕನ್ನಡದ ಹಳೇ ಪುಸ್ತಕ ಹುಡುಕೋದು ಹೇಗೆ
ಇಂಟರ್ನೆಟ್ ಆರ್ಕೈವ್‌ನಲ್ಲಿ (ಹಳೇ ಪುಸ್ತಕಗಳ ಸ್ಕ್ಯಾನ್ ಸಿಗುವ ಜಾಲತಾಣ) ಕನ್ನಡ ನಾಟಕವೊಂದನ್ನು ಹುಡುಕಿದರೂ ಸಿಗಲಿಲ್ಲ, ಸಿಕ್ಕರೆ ಮರುಮುದ್ರಿಸಬಹುದಾ ಅಂತ ಕೇಳಿದ್ದೀರಿ. ನೀವು ಕನ್ನಡ ಲಿಪಿಯಲ್ಲಿ ಹುಡುಕಿದ್ದೇ ಬಹುಶಃ ತೊಂದರೆ. 1930ರ ದಶಕದ ನಾಟಕ ಅಂದಿದ್ದೀರಿ. ಅಂಥ ಪುಸ್ತಕಗಳು ಅಲ್ಲಿಗೆ ಜಾಸ್ತಿ ಬಂದಿರುವುದು ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯ ಸ್ಕ್ಯಾನ್‌ಗಳಿಂದ, ಅವುಗಳ ಹೆಸರೆಲ್ಲ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿವೆ, ಅದೂ ಒಂದೊಂದು ಒಂದೊಂದು ಥರ.

ಮೊದಲು ಶೀರ್ಷಿಕೆಯ ಒಂದೇ ಒಂದು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಸಿಗದಿದ್ದರೆ ದೀರ್ಘಕ್ಕೆ ಒಂದು 'ಎ' ಬದಲು ಎರಡು, 'ವಿ' ಬದಲು 'ಡಬ್ಲ್ಯು', 'ಶ'ಕ್ಕೆ ಬರೀ 'ಎಸ್', ಹೀಗೆ ಬದಲಿಸುತ್ತಾ ಹೋಗಿ. ನನಗೆ ಒಂದು ಪುಸ್ತಕ ಸಿಕ್ಕಿದ್ದು ಆರನೇ ಸಲಕ್ಕೆ! ಆಮೇಲೆ ಲೇಖಕರ ಹೆಸರು, ಇನಿಷಿಯಲ್ ಬಿಟ್ಟು. ಭಾಷೆಯ ಫಿಲ್ಟರ್‌ನಲ್ಲಿ ಕನ್ನಡ ಆರಿಸಿದರೆ ಬೇಡದ್ದು ಕಡಿಮೆಯಾಗುತ್ತದೆ, ಆದರೆ ಕೆಲವಕ್ಕೆ ಭಾಷೆಯೇ ತಪ್ಪಾಗಿ ನಮೂದಾಗಿರಬಹುದು, ಹಾಗಾಗಿ ಅದಿಲ್ಲದೆಯೂ ಒಮ್ಮೆ ನೋಡಿ. ನಿಮ್ಮ ನಾಟಕ ಅಲ್ಲಿದ್ದೇ ಇದೆ ಅಂತ ಖಾತ್ರಿ ಮಾತ್ರ ಕೊಡಲಾರೆ.

ಸಿಕ್ಕಿದರೆ ಪಿಡಿಎಫ್ ಇಳಿಸಿಕೊಂಡು ಕೊನೆಯವರೆಗೂ ತಿರುವಿ ನೋಡಿ, ನಡುವೆ ಹಾಳೆ ಬಿಟ್ಟುಹೋಗಿರಬಹುದು. ಮರುಮುದ್ರಣದ ಬಗ್ಗೆಯೂ ಕೇಳಿದ್ದೀರಲ್ವಾ, ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕಳೆದಿದ್ದರೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯದ ಅಡ್ಡಿ ಇಲ್ಲ. ಕಳೆದಿಲ್ಲವಾದರೆ ಮೊದಲು ಅವರ ಮನೆಯವರನ್ನು ವಿಚಾರಿಸಿ.