ಡ್ರೈಯರ್ ಕೊಳವೆಯಲ್ಲಿ ಜುಂಗು ಕಟ್ಟಿಕೊಳ್ಳದಿರಲು ಏನು ಮಾಡಬೇಕು?

ಪ್ರಶ್ನೆ: ಮೂಡಿಗೆರೆ ಬಳಿಯ ನಮ್ಮ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಮಳೆಗಾಲದಲ್ಲಿ ಟವೆಲ್, ಹೊದಿಕೆಗಳು ಒಣಗುವುದಿಲ್ಲವೆಂದು, ಬಿಸಿಗಾಳಿಯನ್ನು ಕೊಳವೆಯ ಮೂಲಕ ಹೊರಬಿಡುವ ಡ್ರೈಯರ್ ಹಾಕಿಸಿದೆವು. ಈಗ ಒಂದು ಸಲದ ಬಟ್ಟೆಗೆ ಎರಡು ಸುತ್ತು ಬೇಕಾಗುತ್ತಿದೆ, ಯಂತ್ರದ ಮೈ ವಿಪರೀತ ಬಿಸಿಯಾಗುತ್ತದೆ. ಒಳಗಿನ ಫಿಲ್ಟರನ್ನು ಪ್ರತಿ ಸಲ ಸ್ವಚ್ಛ ಮಾಡುತ್ತೇವೆ. ಹುಳುಹುಪ್ಪಟೆ ಬಾರದಿರಲೆಂದು ಕೊಳವೆಯ ಹೊರಬಾಯಿಗೆ ಸೊಳ್ಳೆ ಜಾಲರಿ ಕಟ್ಟಿದ್ದೇವೆ. ತೊಂದರೆ ಎಲ್ಲಿದೆ?

ಉತ್ತರ: ಯಂತ್ರದ ಪ್ಲಗ್ ತೆಗೆದು, ಮೊದಲು ಆ ಸೊಳ್ಳೆ ಜಾಲರಿಯನ್ನು ಕಿತ್ತುಹಾಕಿ. ಕೊಳವೆ ಪೂರ್ತಿ ಶುಚಿಯಾಗುವವರೆಗೆ ಡ್ರೈಯರ್ ಬಳಸಬೇಡಿ. ನೀವು ಹೇಳಿದ ಎರಡೂ ಲಕ್ಷಣಗಳು ಗಾಳಿಯ ದಾರಿ ಕಟ್ಟಿಕೊಂಡಿರುವುದನ್ನೇ ಸೂಚಿಸುತ್ತವೆ. ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಬಟ್ಟೆಯಿಂದ ಉದುರುವ ನೂಲಿನ ಜುಂಗನ್ನೆಲ್ಲ ಹಿಡಿಯಲಾರದು. ತಪ್ಪಿಸಿಕೊಂಡ ಸಣ್ಣ ಎಳೆಗಳು ಹಬೆಯೊಡನೆ ಸಾಗಿ, ಹೊರಬಾಯಿಯ ಜಾಲರಿಗೆ ತಗುಲಿ, ಒದ್ದೆ ಕಂಬಳಿಯ ತುಂಡಿನಂತೆ ಅಲ್ಲಿಯೇ ಹೆಣೆದುಕೊಳ್ಳುತ್ತವೆ. ಹುಳು, ಹಕ್ಕಿಗಳನ್ನು ತಡೆಯಲು, ಗಾಳಿ ಬಂದಾಗ ತೆರೆದು, ಗಾಳಿ ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆಯ ಮುಚ್ಚಳ ಹಾಕಿಸಿ. ಯಂತ್ರ ಓಡುವಾಗ ಆ ರೆಕ್ಕೆ ಚೆನ್ನಾಗಿ ಮೇಲೇಳದಿದ್ದರೆ ಒಳಗೆ ಜುಂಗು ತುಂಬಿದೆ ಎಂದೇ ತಿಳಿಯಿರಿ.

ಮಲೆನಾಡಿನ ಮಳೆಗಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚುತ್ತದೆ. ತಣ್ಣಗಿನ ಗೋಡೆ, ಜಗಲಿ, ಅಟ್ಟಗಳನ್ನು ಹಾದುಹೋಗುವ ಕೊಳವೆಯೊಳಗೆ ಹಬೆ ನೀರಾಗಿ ಇಳಿಯುತ್ತದೆ. ಆ ಪಸೆಗೆ ಜುಂಗು ಅಂಟಿಕೊಂಡು ಪದರ ಪದರವಾಗಿ ಬೆಳೆಯುತ್ತದೆ. ಆದ್ದರಿಂದ ಕೊಳವೆ ಹೊರಮುಖವಾಗಿ ತುಸು ಇಳಿಜಾರಾಗಿರಲಿ, ತಣ್ಣಗಿನ ಜಾಗದಲ್ಲಿ ಹಾಯುವ ಭಾಗಕ್ಕೆ ಶಾಖ ತಡೆಯುವ ಹೊದಿಕೆ ಇರಲಿ. ಒಳಮೈ ನುಣುಪಾಗಿರುವ 4 ಇಂಚಿನ ಗಟ್ಟಿ ಲೋಹದ ಕೊಳವೆಯೇ ಸರಿ. ಪ್ಲಾಸ್ಟಿಕ್ಕಿನದು ಬೇಡವೇ ಬೇಡ. ಕೀಲುಗಳಿಗೆ ಸ್ಕ್ರೂ ಬದಲು ಅಲ್ಯೂಮಿನಿಯಂ ಟೇಪ್ ಸುತ್ತಿಸಿ, ಏಕೆಂದರೆ ಒಳಕ್ಕೆ ಚಾಚಿದ ಸ್ಕ್ರೂ ಮೊನೆಗೆ ಜುಂಗು ಸಿಕ್ಕಿಕೊಳ್ಳುತ್ತದೆ. ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಪ್ರಕಾರ ಕೊಳವೆಯ ಉದ್ದ 35 ಅಡಿ ಮೀರಬಾರದು, ಪ್ರತಿ 90 ಡಿಗ್ರಿ ತಿರುವಿಗೆ ಅದರಲ್ಲಿ 5 ಅಡಿ ಕಳೆಯಬೇಕು. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಪಾಲಿಸಿ.

ಫಿಲ್ಟರನ್ನೂ ಒಮ್ಮೆ ಪರೀಕ್ಷಿಸಿ. ಅದರ ಮೇಲೆ ನೀರು ಹಾಕಿದಾಗ ಸಲೀಸಾಗಿ ಇಳಿಯದೆ ನಿಂತರೆ, ಬಟ್ಟೆ ಮೆದುಗೊಳಿಸುವ ದ್ರಾವಣದ ಜಿಡ್ಡು ಕಣ್ಣಿಗೆ ಕಾಣದಂತೆ ರಂಧ್ರಗಳನ್ನು ಮುಚ್ಚಿರುತ್ತದೆ. ಸೋಪಿನ ನೀರು, ಮೃದು ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಮತ್ತೆ ಹಾಕಿ.

ಕೊಳವೆಯನ್ನು ಉದ್ದ ಹಿಡಿಯ ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ಎರಡೂ ತುದಿಗಳಿಂದ ಶುಚಿಗೊಳಿಸಬೇಕು. ಸಾಮಾನ್ಯ ಮನೆಗೆ ವರ್ಷಕ್ಕೊಮ್ಮೆ ಸಾಕಾದೀತು. ದಿನವೂ ಟವೆಲ್ ಒಣಗಿಸುವ ಹೋಂಸ್ಟೇಗೆ ಅದು ಖಂಡಿತ ಸಾಲದು. ಮೂರು ತಿಂಗಳಿಗೊಮ್ಮೆ, ಮುಖ್ಯವಾಗಿ ಮೇ ತಿಂಗಳಲ್ಲಿ ತಪ್ಪದೆ ಮಾಡಿಸಿ. ಇದನ್ನು ಬರಿಯ ವಿದ್ಯುತ್ ಬಿಲ್ಲಿನ ವಿಷಯವೆಂದು ದಯವಿಟ್ಟು ಭಾವಿಸಬೇಡಿ. ಒಣ ಜುಂಗು ಬೇಗ ಹೊತ್ತಿಕೊಳ್ಳುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತದ 2008–2010ರ ಲೆಕ್ಕದಂತೆ ಅಲ್ಲಿನ ವಸತಿಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅವಘಡಗಳು ನಡೆದಿದ್ದು, ಶುಚಿಗೊಳಿಸದಿರುವುದೇ ಅವುಗಳ ಮೊದಲ ಕಾರಣವಾಗಿತ್ತು. ಅತಿಥಿಗಳು ಮಲಗಿರುವಾಗ ಯಂತ್ರ ಓಡಿಸಬೇಡಿ. ಎಣ್ಣೆ ಹಿಡಿದ ಅಡುಗೆಮನೆ ಬಟ್ಟೆ, ಮೈಗೆಣ್ಣೆ ಒರೆಸಿದ ಟವೆಲ್‌ಗಳನ್ನು ಒಗೆದ ಮೇಲೂ ಡ್ರೈಯರ್‌ಗೆ ಹಾಕದೆ ಹಗ್ಗದ ಮೇಲೆ ಹರವಿ, ಏಕೆಂದರೆ ಉಳಿದ ಎಣ್ಣೆ ಬಿಸಿ ಬಟ್ಟೆಯ ರಾಶಿಯಲ್ಲಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು.