‘ನೂರು ವರ್ಷದ ಅಲೆ’ ಲೇಖನದ ಕುರಿತು

ಪ್ರಿಯ ಲೇಖಕರೇ,

ಕಡಲಿನ ಅಲೆಗಳ ದೀರ್ಘಕಾಲದ ಲೆಕ್ಕಾಚಾರವನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಬಿಟ್ಟುಬಿಡಲೂ ಮನಸ್ಸಿಲ್ಲ, ಕಡಲು ಕಾಣದ ಕಲಬುರಗಿಯಿಂದ ಇಂಥ ವಿಷಯ ಬರೆದವರು ನನಗೆ ಸಿಕ್ಕಿದ್ದು ಇದೇ ಮೊದಲು.

ಮೊದಲೆರಡು ಪುಟಗಳ ಬೆಳ್ನೊರೆ, ಸೂರ್ಯಾಸ್ತ ಎಲ್ಲವನ್ನೂ ತೆಗೆದುಬಿಡಿ. ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಕುಳಿತು ಅಲೆ ಎಣಿಸಿದ್ದೀರಲ್ಲ, ಅಲ್ಲಿಂದ ಶುರುವಾಗಲಿ. ಒಂದಲೆಯಂತೆ ಇನ್ನೊಂದಿಲ್ಲ ಎಂದು ಅಲ್ಲಿ ಕಂಡ ಓದುಗರಿಗೆ, ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿಯನ್ನು ‘ಗಣನೀಯ ಅಲೆ ಎತ್ತರ’ ಎನ್ನುವುದೇಕೆಂದು ಸುಲಭವಾಗಿ ತಿಳಿಯುತ್ತದೆ. ಒಂಟಿ ಅಲೆ ಅದರ ಎರಡು ಪಟ್ಟು ಏರಬಹುದೆಂಬುದನ್ನೂ ಸೇರಿಸಿ. 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರೌಪ್ನರ್ ಎಂಬ ಅನಿಲ ವೇದಿಕೆಯಲ್ಲಿ ಗಣನೀಯ ಎತ್ತರ ಸುಮಾರು 12 ಮೀಟರ್ ಇದ್ದಾಗ 25.6 ಮೀಟರಿನ ಅಲೆ ದಾಖಲಾಯಿತು.

ದೊಡ್ಡ ತಪ್ಪು ಐದನೆಯ ಪುಟದಲ್ಲಿದೆ. ನೂರು ವರ್ಷದ ಅಲೆ ಒಮ್ಮೆ ಬಂದುಹೋದರೆ ಮುಂದಿನ ನೂರು ವರ್ಷ ನೆಮ್ಮದಿ ಎಂದು ಬರೆದಿದ್ದೀರಿ. ಹಾಗಲ್ಲ. ಪ್ರತಿ ವರ್ಷವೂ ಅಷ್ಟು ಎತ್ತರ ಮೀರುವ ಸಂಭವ ಶೇ 1 ಎಂದಷ್ಟೇ ಅದರ ಅರ್ಥ. 30 ವರ್ಷ ಬಾಳುವ ಕಟ್ಟೆ ಅದನ್ನು ಎದುರಿಸುವ ಸಂಭವ ಸುಮಾರು ಶೇ 26. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರದ ಕಡೆಯ ಹಳ್ಳಿಗಳಿಗೆ ನುಗ್ಗಿದ ಮೇಲೆ, ‘ಇನ್ನು ನಮ್ಮ ಕಾಲಕ್ಕೆ ಇಂಥದ್ದು ಬರುವುದಿಲ್ಲ’ ಎನ್ನುತ್ತ ಅದೇ ಜಾಗದಲ್ಲಿ ಗೋಡೆ ಎಬ್ಬಿಸುವವರನ್ನು ಕಂಡಿದ್ದೇನೆ. ಅವರ ಕೈಗೆ ನಿಮ್ಮ ವಾಕ್ಯವನ್ನು ಕೊಡಲು ನನಗೆ ಧೈರ್ಯವಿಲ್ಲ.

ಇನ್ನೊಂದು. ಒಂದೇ ಬಿರುಗಾಳಿಯ ಹನ್ನೆರಡು ಅಳತೆಗಳನ್ನು ಹನ್ನೆರಡು ಘಟನೆಗಳೆಂದು ಎಣಿಸಿದ್ದೀರಿ. ಗಂಜ್ ಮಾರುಕಟ್ಟೆಯಲ್ಲಿ ಒಂದೇ ತೊಗರಿ ಚೀಲವನ್ನು ಹನ್ನೆರಡು ಸಲ ತೂಗಿದರೆ ಹನ್ನೆರಡು ಚೀಲವಾಗುತ್ತದೆಯೇ? ಪ್ರತಿ ಬಿರುಗಾಳಿಯಿಂದ ಅತಿ ದೊಡ್ಡ ಅಳತೆಯೊಂದನ್ನೇ ಆರಿಸಿಕೊಳ್ಳಿ. ಅರಬ್ಬಿ ಸಮುದ್ರದ ಮುಂಗಾರಿನ ಅಲೆಗಳನ್ನೂ ಚಂಡಮಾರುತದ ಅಲೆಗಳನ್ನೂ ಒಂದೇ ರೇಖೆಗೆ ಹೊಂದಿಸಬೇಡಿ. ಅವುಗಳ ಹುಟ್ಟೇ ಬೇರೆ.

ಅಪರೂಪದ ಎತ್ತರಗಳನ್ನು ಅಂದಾಜಿಸುವ ಗಣಿತದ ಮಾದರಿಗಳಾದ ಗುಂಬೆಲ್, ವೈಬುಲ್ ಹೆಸರುಗಳು ಇರಲಿ, ಸೂತ್ರಗಳು ಬೇಡ. ಇಪ್ಪತ್ತು ವರ್ಷದ ದಾಖಲೆಯಿಂದ ನೂರು ವರ್ಷದ ಮಾತಾಡುವಾಗ ಒಂದೇ ಸಂಖ್ಯೆ ಹೇಳದೆ, ಎಷ್ಟರಿಂದ ಎಷ್ಟರವರೆಗೆ ಎಂದು ಬರೆಯಿರಿ. ಶರಣಬಸವೇಶ್ವರ ಜಾತ್ರೆಗೆ ಮೊದಲು ತಿದ್ದಿ ಕಳುಹಿಸಿ, ಜಾಗ ಕಾದಿರಿಸಿರುತ್ತೇನೆ.

ನಿಮ್ಮ,
ಸಂಪಾದಕ